ಮರ ಕಡಿಯುವವರ ಕೈಗವಸು

1950ರ ಜೂನ್ 3ರಂದು ಫ್ರಾನ್ಸಿನ ಮಾರಿಸ್ ಹರ್ಜೋಗ್ ಅನ್ನಪೂರ್ಣಾ ಶಿಖರವೇರಿ ಇಳಿಯುತ್ತಿದ್ದರು. ಚೀಲ ಬಿಚ್ಚಲೆಂದು ಕಳಚಿದ ಕೈಗವಸುಗಳು ಇಳಿಜಾರಿನಲ್ಲಿ ಜಾರಿಹೋದವು. ಚೀಲದಲ್ಲಿದ್ದ ಕಾಲುಚೀಲಗಳನ್ನೇ ಕೈಗೆ ತೊಡಬಹುದೆಂದು ಆ ಗಳಿಗೆಯಲ್ಲಿ ಅವರಿಗೆ ಹೊಳೆಯಲಿಲ್ಲ. ಮುಂದೆ ಬೆರಳುಗಳನ್ನೇ ಕತ್ತರಿಸಬೇಕಾಯಿತು.

ಕಳೆದ ಚಳಿಗಾಲ ಸ್ಕೀಯಿಂಗ್‌ಗೆ ಹೋದಾಗ ನನ್ನ ಕೈಗವಸಿನ ಹೆಬ್ಬೆರಳ ಹೊಲಿಗೆ ಬಿಚ್ಚಿ ಹಿಮ ಒಳಸೇರಿತು. ಆಗ ನೆನಪಾದದ್ದು ಈ ಪ್ರಸಂಗ. ಬಾಳಿಕೆ ಬರುವ ಜೊತೆಯೊಂದನ್ನು ಹುಡುಕುತ್ತ ಹೋದ ನನಗೆ ಸಿಕ್ಕಿದ್ದು ಸ್ವೀಡನ್ನಿನ ಹೆಸ್ಟ್ರಾ ಎಂಬ ಊರಿನ ಕಥೆ. ಅಲ್ಲಿ 1936ರಲ್ಲಿ ಮಾರ್ಟಿನ್ ಮ್ಯಾಗ್ನುಸ್ಸನ್ ಮರ ಕಡಿಯುವವರಿಗಾಗಿ ಕೈಗವಸು ತಯಾರಿಸತೊಡಗಿದರು. ಹತ್ತಿರದ ಇಸಾಬೆರ್ಗ್ ಗುಡ್ಡದಲ್ಲಿ ಸ್ಕೀಯಿಂಗ್ ಬೆಳೆದಂತೆ ಅದೇ ಕಸುಬು ಆಟಗಾರರ ಕೈಗೂ ಒದಗಿತು. ಅಮೆರಿಕದ ಸ್ಕೀ ಲಿಫ್ಟ್ ನೌಕರರಲ್ಲಿ ಅನೇಕರು ಇಂದಿಗೂ ಹಂದಿಚರ್ಮದ ಕೆಲಸದ ಕೈಗವಸಿಗೆ ಜೇನುಮೇಣ ತಿಕ್ಕಿ ಬಳಸುತ್ತಾರೆ. ಬಾಳಿಕೆಯ ವಿದ್ಯೆ ಆಟಕ್ಕೆ ಬಂದದ್ದು ದುಡಿಮೆಯಿಂದ.

ಆ ವಿದ್ಯೆ ಸರಳ. ಒದ್ದೆ ಚರ್ಮವನ್ನು ಬೆಂಕಿಯ ಬಳಿ ಒಣಗಿಸಬಾರದು, ಸೆಟೆದು ಬಿರಿಯುತ್ತದೆ. ಒಳಪದರ ಬಿಡಿಯಾಗಿದ್ದರೆ ಹೊರತೆಗೆದು ಗಾಳಿಗಿಡಬೇಕು. ಪೂರ್ತಿ ಒಣಗಿದ ಮೇಲೆ ಮೇಣ ತಿಕ್ಕಬೇಕು, ಹೊಲಿಗೆಗಳ ಮೇಲೆ ಇನ್ನಷ್ಟು. ಸೂಜಿಯ ತೂತಿನಲ್ಲೂ ನೀರು ನುಸುಳುತ್ತದೆ. ಒಂದು ಎಳೆ ಬಿಟ್ಟಾಗಲೇ ಹೊಲಿದರೆ ಇಡೀ ಹೊಲಿಗೆ ಉಳಿಯುತ್ತದೆ.

ಕೊನೆಗೆ ಹೊಸದನ್ನು ಕೊಳ್ಳಲಿಲ್ಲ. ಮೇಣ ಸವರಿದ ನೂಲಿನಿಂದ ಹಳೆಯದನ್ನೇ ಹೊಲಿದೆ. ಹೊಲಿಗೆ ಸೊಟ್ಟಗಿದೆ, ಆದರೆ ಗಟ್ಟಿಯಾಗಿದೆ. ಆದರೂ ನನ್ನ ಚೀಲದಲ್ಲಿ ಈಗ ಒಂದು ಜೊತೆ ಉಣ್ಣೆಯ ಕಾಲುಚೀಲ ಇದ್ದೇ ಇರುತ್ತದೆ, ಕೈಗೆ ತೊಡಲು.