ಎಲೆಯ ಲೆಕ್ಕ ಬರೆದ ಗೇಬ್ರಿಯೆಲ್

ಕಾಂಪೋಸ್ಟ್ ಬಗ್ಗೆ ಯಾವ ಕೃಷಿ ಪುಸ್ತಕ ತೆರೆದರೂ 'ಇಂದೋರ್ ವಿಧಾನ' ಸಿಗುತ್ತದೆ. ಪಕ್ಕದಲ್ಲೇ ಆಲ್ಬರ್ಟ್ ಹೋವಾರ್ಡ್ ಹೆಸರಿರುತ್ತದೆ. ಅವರ ಹೆಂಡತಿ ಗೇಬ್ರಿಯೆಲ್ ಹೆಸರು ಕಾಣುವುದು ಅಪರೂಪ. ಕೋಣೆಯೊಳಗೆ ಎಲ್‌ಇಡಿ ದೀಪ ಹಾಕಿ ಸೊಪ್ಪು ಬೆಳೆಯುವವರು ಇವತ್ತು ಒಂದು ಪ್ರಶ್ನೆ ಕೇಳುತ್ತಾರೆ: ದೀಪ ಹೆಚ್ಚಿಸಬೇಕೋ, ಇಂಗಾಲದ ಡೈಆಕ್ಸೈಡ್ ಬಿಡಬೇಕೋ? ಅದಕ್ಕೆ ಉತ್ತರ ಹುಡುಕಿದವರಲ್ಲಿ ಗೇಬ್ರಿಯೆಲ್ ಒಬ್ಬರು. ಆಗಿನ್ನೂ ಅವರಿಗೆ ಮದುವೆಯಾಗಿರಲಿಲ್ಲ, ಭಾರತವನ್ನೂ ನೋಡಿರಲಿಲ್ಲ.

ಪ್ರಶ್ನೆ ಮಾತ್ರ ಅವರಿಗಿಂತ ಹಳೆಯದು. ಗಾಳಿಯನ್ನು ಶುದ್ಧಮಾಡಲು ಗಿಡಕ್ಕೆ ಬೆಳಕು ಬೇಕು ಎಂದು 1779ರಲ್ಲಿ ಇಂಗೆನ್‌ಹೌಸ್ ತೋರಿಸಿದರು. ಅದಕ್ಕೆ ಇಂಗಾಲದ ಡೈಆಕ್ಸೈಡ್ ಕೂಡ ಬೇಕೆಂದು ಜಿನೀವಾದ ಸೆನೆಬಿಯೆ ಕಂಡುಕೊಂಡರು. ಅದೇ ಊರಿನ ದ ಸೊಸ್ಸೂರ್ 1804ರ ಪುಸ್ತಕದಲ್ಲಿ ಬಟಾಣಿ ಗಿಡಗಳ ಪ್ರಯೋಗ ವಿವರಿಸಿದ್ದಾರೆ. ಗಾಳಿಗೆ ಈ ಅನಿಲವನ್ನು ಹದವಾಗಿ ಬೆರೆಸಿದಾಗ ಬಿಸಿಲಿನಲ್ಲಿದ್ದ ಗಿಡಗಳು ಹೆಚ್ಚು ಬೆಳೆದವು. ನೆರಳಿನಲ್ಲಿದ್ದವಕ್ಕೆ ಅದೇ ಅನಿಲದಿಂದ ಕೇಡಾಯಿತು. ಬೆಳಕು ಮತ್ತು ಅನಿಲ ಎರಡನ್ನೂ ಕೂಡಿಸಿ ನೋಡಬೇಕು ಎಂಬ ಸುಳಿವು ಅಷ್ಟು ಹಿಂದೆಯೇ ಸಿಕ್ಕಿತ್ತು.

ಆಮೇಲಿನವರು ಒಂದೊಂದನ್ನೇ ಹಿಡಿದು ಹೊರಟರು. 1880ರ ಸುಮಾರಿಗೆ ಇಂಗ್ಲೆಂಡಿನಲ್ಲಿ ವಿಲಿಯಂ ಸೀಮೆನ್ಸ್ ರಾತ್ರಿಯಿಡೀ ಆರ್ಕ್ ದೀಪ ಉರಿಸಿ ಗಿಡ ಬೆಳೆಸಿದರು. ಬರಿಯ ದೀಪ ಎಲೆಗಳಿಗೆ ಹಾನಿಮಾಡುತ್ತಿತ್ತು, ನಡುವೆ ಗಾಜು ಇಟ್ಟರೆ ಹಾನಿ ತಗ್ಗುತ್ತಿತ್ತು. 1902ರಲ್ಲಿ ಬ್ರೌನ್ ಮತ್ತು ಎಸ್ಕಂಬ್ ಅನಿಲ ಹೆಚ್ಚಿಸಿ ನೋಡಿದರು. ಗಿಡಗಳು ಕೆಟ್ಟವು. ಫ್ರಾನ್ಸಿನ ಡೆಮೂಸಿ ಅದಾದ ಸ್ವಲ್ಪದರಲ್ಲೇ ಶುದ್ಧ ಅನಿಲ ಕೊಟ್ಟಾಗ ಬೆಳೆ ಹೆಚ್ಚಿತು. ಒಬ್ಬರು ಬೇಡ ಎಂದರು, ಇನ್ನೊಬ್ಬರು ಬೇಕು ಎಂದರು.

ಅದೇ ಹೊತ್ತಿಗೆ ಕೇಂಬ್ರಿಜ್‌ನಲ್ಲಿ ಗೇಬ್ರಿಯೆಲ್ ಮತ್ತೈ ಒಂದೊಂದೇ ಎಲೆ ಹಿಡಿದು ಅಳೆಯುತ್ತಿದ್ದರು. ನ್ಯೂನಂ ಕಾಲೇಜಿನಲ್ಲಿ ಓದಿ ಮೊದಲ ದರ್ಜೆ ಪಡೆದವರು. ಆದರೆ ಹೆಣ್ಣುಮಕ್ಕಳಿಗೆ ಆ ವಿಶ್ವವಿದ್ಯಾಲಯ ಪೂರ್ಣ ಪದವಿ ಕೊಡಲು ಒಪ್ಪಿದ್ದು 1948ರ ಹೊತ್ತಿಗೆ. ಗೇಬ್ರಿಯೆಲ್ ಅವರು ಎಫ್. ಎಫ್. ಬ್ಲ್ಯಾಕ್‌ಮನ್ ಅವರ ಸಹಾಯಕಿಯಾಗಿದ್ದರು. ಚೆರ್ರಿ ಲಾರೆಲ್ ಎಲೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಅದರೊಳಗೆ ಗಾಳಿ ಹಾಯಿಸಿ, ಎಲೆ ಎಷ್ಟು ಇಂಗಾಲದ ಡೈಆಕ್ಸೈಡ್ ಹೀರಿತು ಎಂದು ಲೆಕ್ಕ ಹಾಕುವುದು ಕೆಲಸ. ಕೋಣೆಯ ಉಷ್ಣತೆ ಸಾಲದು, ಎಲೆಯದೇ ಉಷ್ಣತೆ ಬೇಕಿತ್ತು. ಏಕೆಂದರೆ ಬೆಳಕು ಬಿದ್ದ ಎಲೆ ಸುತ್ತಲಿನ ಗಾಳಿಗಿಂತ ಬಿಸಿಯಾಗುತ್ತದೆ. ಈ ಅಳತೆಗಳು 1904ರಲ್ಲಿ ಪ್ರಕಟವಾದವು. ಬೆಳಕು, ಅನಿಲ ಎರಡೂ ಧಾರಾಳವಾಗಿದ್ದರೂ ಒಂದೊಂದು ಉಷ್ಣತೆಗೆ ಒಂದೊಂದು ಮಿತಿಯಿದೆ, ಎಲೆ ಅದನ್ನು ದಾಟುವುದಿಲ್ಲ ಎಂದು ಅವು ತೋರಿಸಿದವು.

1905ರಲ್ಲಿ ಬ್ಲ್ಯಾಕ್‌ಮನ್ ಇದನ್ನೆಲ್ಲ ಸೇರಿಸಿ ಒಂದು ನಿಯಮ ಹೇಳಿದರು. ಹಲವು ಅಂಶಗಳಿಂದ ನಡೆಯುವ ಕೆಲಸದ ವೇಗವನ್ನು ಅವುಗಳಲ್ಲಿ ಅತಿ ನಿಧಾನವಾದದ್ದು ನಿರ್ಧರಿಸುತ್ತದೆ ಎಂಬುದು ಅದರ ಸಾರ. ನಮ್ಮ ಹೊಲದ ಮಾತಿನಲ್ಲಿ ಹೇಳುವುದಾದರೆ ಜೋಡೆತ್ತಿನ ನೇಗಿಲು ಮಂದ ಎತ್ತಿನ ನಡಿಗೆಯಲ್ಲೇ ಸಾಗುತ್ತದೆ. ಚುರುಕು ಎತ್ತಿಗೆ ಎಷ್ಟು ಹಿಂಡಿ ತಿನ್ನಿಸಿದರೂ ಉಳುಮೆ ಬೇಗ ಮುಗಿಯುವುದಿಲ್ಲ. ಬ್ಲ್ಯಾಕ್‌ಮನ್ ಅದೇ ವರ್ಷ ಗೇಬ್ರಿಯೆಲ್ ಜೊತೆ ಜಂಟಿ ಪ್ರಬಂಧವನ್ನೂ ಪ್ರಕಟಿಸಿದರು. ಆದರೂ ನಿಯಮಕ್ಕೆ ಉಳಿದದ್ದು ಬ್ಲ್ಯಾಕ್‌ಮನ್ ಹೆಸರು ಮಾತ್ರ.

ನಿಜವಾದ ಗಿಡದಲ್ಲಿ ಗೆರೆ ಅಷ್ಟು ಖಡಕ್ಕಾಗಿಲ್ಲ ಎಂದು ಮುಂದೆ ತಿಳಿಯಿತು. ಮಂದ ಬೆಳಕಿನಲ್ಲೂ ಹೆಚ್ಚುವರಿ ಅನಿಲ ಸ್ವಲ್ಪ ನೆರವಾಗುತ್ತದೆ. ಆದರೂ ದಾರಿ ಅದೇ. ಹೊರಗಿನ ಗಾಳಿಯಲ್ಲಿ ಈಗ ಸುಮಾರು 420 ಪಿಪಿಎಂ ಇಂಗಾಲದ ಡೈಆಕ್ಸೈಡ್ ಇದೆ. ಗಾಜಿನಮನೆಗಳಲ್ಲಿ ಅದನ್ನು ಸಾಮಾನ್ಯವಾಗಿ 800ರಿಂದ 1000ಕ್ಕೆ ಏರಿಸುತ್ತಾರೆ. ದೀಪ ಮಂದವಾಗಿದ್ದರೆ ಆ ಖರ್ಚಿನ ಬಹುಪಾಲು ದಂಡ. ತಿರುವುಮುರುವಾಗಿ, ಪ್ರಖರ ದೀಪದ ಕೆಳಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಗಿಡಗಳೇ ಅನಿಲವನ್ನು ಹೀರಿ ಹೊರಗಿನ ಮಟ್ಟಕ್ಕಿಂತ ಕೆಳಗಿಳಿಸುತ್ತವೆ. ಆಗ ವಿದ್ಯುತ್ ಬಿಲ್ ಏರುತ್ತದೆ, ಬೆಳೆ ಏರುವುದಿಲ್ಲ. ಸಿಲಿಂಡರ್ ಕೊಳ್ಳುವ ಮೊದಲು ಗಾಳಿಯಾಡಲು ದಾರಿ ಮಾಡಿದರೇ ಎಷ್ಟೋ ಸಲ ಸಾಕು. ಅನಿಲ ಬಿಡುವ ಕೋಣೆಯಲ್ಲಿ ಮೀಟರ್ ಇರಲೇಬೇಕು, ಅದು ಮಿತಿಮೀರಿದರೆ ಮನುಷ್ಯರಿಗೂ ಅಪಾಯ.

ಗೇಬ್ರಿಯೆಲ್ 1905ರಲ್ಲೇ ಆಲ್ಬರ್ಟ್ ಅವರನ್ನು ಮದುವೆಯಾಗಿ ಬಿಹಾರದ ಪೂಸಾಕ್ಕೆ ಬಂದರು. ಇಬ್ಬರೂ ಸೇರಿ ಪೂಸಾ ಗೋಧಿ ತಳಿಗಳನ್ನು ರೂಪಿಸಿದರು. 1924ರಲ್ಲಿ ಇಂದೋರ್‌ಗೆ ಹೋದರು. 1930ರಲ್ಲಿ ಗೇಬ್ರಿಯೆಲ್ ತೀರಿಕೊಂಡರು, ಇಂದೋರ್ ವಿಧಾನದ ಪುಸ್ತಕ ಹೊರಬಂದದ್ದು ಮರುವರ್ಷ. 1940ರಲ್ಲಿ ಆಲ್ಬರ್ಟ್ ತಮ್ಮ ಪ್ರಸಿದ್ಧ ಪುಸ್ತಕವನ್ನು ಅವರಿಗೆ ಅರ್ಪಿಸಿದರು.

ಒಂದು ಕೆಲಸಕ್ಕೆ ಬ್ಲ್ಯಾಕ್‌ಮನ್ ಹೆಸರು, ಇನ್ನೊಂದಕ್ಕೆ ಊರಿನ ಹೆಸರು ಮತ್ತು ಗಂಡನ ಹೆಸರು. ರಾಸಾಯನಿಕದ ಕಡೆಯವರೂ ಸಾವಯವದ ಕಡೆಯವರೂ ಗೇಬ್ರಿಯೆಲ್ ಅವರಿಗೆ ಋಣಿಗಳು. ಗಿಡಕ್ಕೆ ಏನು ಹೆಚ್ಚು ಕೊಡೋಣ ಎಂದು ಕೇಳುವ ಮೊದಲು ಅದಕ್ಕೆ ಏನು ಕಡಿಮೆಯಾಗಿದೆ ಎಂದು ಅಳೆಯಬೇಕು. ಅವರು ಕೇಂಬ್ರಿಜ್‌ನಲ್ಲಿ ಮಾಡಿದ್ದು ಅದನ್ನೇ.