ಸ್ವರ್ಗದ ತೋಡು

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ ಪಡ್ರೆ ಗ್ರಾಮ. ಪಡ್ರೆಯೊಳಗೆ ಸ್ವರ್ಗ ಎಂಬ ಊರು. ಹಿಂದೆ ಮುರಕಲ್ಲಿನ ಗುಡ್ಡೆ, ಕೆಳಗೆ ಅಡಿಕೆ ತೋಟ, ನಡುವೆ ಒಂದು ತೋಡು. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಮರಾಟಿಯೋ, ಊರಿನ ಓದುಬರಹ ಹೆಚ್ಚಾಗಿ ಕನ್ನಡ. 1956ರ ನವೆಂಬರ್ 1ರಿಂದ ರಾಜ್ಯ ಮಾತ್ರ ಕೇರಳ.

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಸೀಮೆ ಇದು. ಬಿದ್ದ ಮಳೆ ಇಳಿಜಾರು ಹಿಡಿದು ಕಡಲಿಗೆ ಓಡುತ್ತದೆ. ಅದರಲ್ಲಿ ಗುಡ್ಡೆ ಕುಡಿದಷ್ಟೇ ಊರಿನ ಪಾಲು. ಹಿರಿಯರು ಆ ಪಾಲನ್ನು ಸುರಂಗ ತೋಡಿ ಪಡೆದರು. ಆಳೊಬ್ಬ ಬಗ್ಗಿ ನುಗ್ಗುವಷ್ಟೇ ಅಗಲ. ಮೇಣದ ಬತ್ತಿ ಹಚ್ಚಿಟ್ಟು ಪಿಕ್ಕಾಸಿನಿಂದ ಗುಡ್ಡೆಗೆ ಅಡ್ಡಲಾಗಿ ಅಗೆಯುತ್ತ ಹೋಗುವುದು; ಬತ್ತಿ ಮಂಕಾದರೆ ಉಸಿರಿಗೆ ಗಾಳಿ ಸಾಲದೆಂದು ಹೊರಗೆ ಬರುವುದು. ಉದ್ದದ ಲೆಕ್ಕ ಕೋಲಿನಲ್ಲಿ. ಮುರಕಲ್ಲು ಮುಗಿದು ಶೇಡಿಮಣ್ಣು ಕೈಗೆ ತಣ್ಣಗೆ ತಾಗುವಲ್ಲಿ ಒಸರು ಸಿಗುತ್ತಿತ್ತು. ಅದಕ್ಕೊಂದು ಸಣ್ಣ ಮಣ್ಣಿನ ದಂಡೆ, ಅಲ್ಲಿಂದ ಅಡಿಕೆ ಮರದ ದಂಬೆಯಲ್ಲಿ ಅಂಗಳಕ್ಕೆ ನೀರು. ಪಂಪಿನ ಹಂಗೇ ಇಲ್ಲ.

ಈ ತೆರೆದ ನೀರಿನ ಮೇಲೆಯೇ 1970ರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎರಚಿದ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿತ್ತು. ಊರಿನವರೇ ಆದ ಪತ್ರಕರ್ತ ಶ್ರೀ ಪಡ್ರೆ ಅದನ್ನು ಮೊದಮೊದಲೇ ಬರೆದು ಎಚ್ಚರಿಸಿದರು. ‘ಅಡಿಕೆ ಪತ್ರಿಕೆ’ಯ ಸಂಪಾದಕರಾಗಿ ಮಳೆನೀರಿನ ಬಗ್ಗೆಯೂ ಬಿಡದೆ ಬರೆದರು. ಆ ವಿಷದ ಲೆಕ್ಕ ಇನ್ನೂ ಮುಗಿದಿಲ್ಲ. ಸ್ವರ್ಗವನ್ನು ಹೊರಗಿನವರು ಆ ಒಂದು ಸಂಕಟದಿಂದ ಮಾತ್ರ ಗುರುತಿಸುವುದು ನನಗೆ ನೋವಿನ ಸಂಗತಿ.

ಇನ್ನೊಂದು ಪೆಟ್ಟು ಸದ್ದಿಲ್ಲದೆ ಬಿತ್ತು. ಬೋರ್‌ವೆಲ್ ಬಂದಂತೆ, ನೀರು ನಿಲ್ಲಿಸಲು ತೋಡಿಗೆ ಅಡ್ಡಲಾಗಿ ಕಲ್ಲುಮಣ್ಣಿನ ಕಟ್ಟ ಕಟ್ಟುವವರು ಕಡಿಮೆಯಾದರು. ಬೋರ್‌ವೆಲ್ಲಿಗೆ ಒಬ್ಬನ ಸ್ವಿಚ್ಚು ಸಾಕು. ಕಟ್ಟಕ್ಕೆ ಮೇಲಿನ ತೋಟದವರೂ ಬೇಕು, ಕೆಳಗಿನವರೂ ಬೇಕು. ತೋಡು ಬೇಗ ಒಣಗತೊಡಗಿತು, ಒಸರುಗಳು ಸಣಕಲಾದವು.

ಪರಿಹಾರದ ದಾರಿ ಪಕ್ಕದಲ್ಲೇ ಇತ್ತು. ಕುಂಬ್ಡಾಜೆ ಪಂಚಾಯತಿನ ಏತಡ್ಕದವರು ಸಾಲುಕಟ್ಟಗಳನ್ನು ಬಿಟ್ಟಿರಲಿಲ್ಲ. ಕಳೆದ ದಶಕದ ಕೊನೆಗೆ ಪಡ್ರೆಯವರು ‘ನೀರ ನೆಮ್ಮದಿಯತ್ತ ಪಡ್ರೆ’ ಎಂದು ಹೊರಟು, ತಮ್ಮ ತೋಡಿನ ಉದ್ದಕ್ಕೂ ನಡೆದು ನೋಡಿ, ಮತ್ತೆ ಕಟ್ಟ ಹಾಕಿದರು. ಗುಡ್ಡೆಯಲ್ಲಿ ಇಂಗಿಸುವ ಕೆಲಸ ಬೇರೆಯೇ ಇದೆ, ಅದೂ ಬೇಕು. ಆದರೆ ತೋಡನ್ನು ಕಾಲ್ನಡಿಗೆಯಲ್ಲಿ ನೋಡಿದ್ದೇ ದೊಡ್ಡದೆಂದು ನನ್ನ ಎಣಿಕೆ.

ಕಟ್ಟಕ್ಕೆ ಹೊತ್ತುಗೊತ್ತು ಮುಖ್ಯ. ಡಿಸೆಂಬರಿಗೆ ಮುಂಚೆ ಹಾಕಿದರೆ ಹರಿವಿನ ರಭಸಕ್ಕೆ ಕೊಚ್ಚಿಹೋದೀತು. ತೀರ ತಡವಾದರೆ ತಡೆಯಲು ನೀರೇ ಇರದು. ಕಲ್ಲಿನ ಎರಡು ಸಾಲು ಇಟ್ಟು ನಡುವೆ ಜೇಡಿಮಣ್ಣು ತುಂಬಿ ತುಳಿಯುತ್ತಾರೆ; ಈಗ ಕೆಲವೆಡೆ ಪ್ಲಾಸ್ಟಿಕ್ ಹಾಳೆಯೂ ಸೇರಿದೆ. ಮುಂದಿನ ಮಳೆಗಾಲದ ನೆರೆ ಅದನ್ನು ಒಯ್ಯುತ್ತದೆ, ಮರುವರ್ಷ ಮತ್ತೆ ಹೊಸತು. ಒಂದೇ ಕಟ್ಟ ಹಾಕಿದರೆ ಇಂಗಿದ ನೀರು ಕೆಳಗಿನ ಒಣ ತೋಡಿಗೆ ಬಸಿದುಹೋಗುತ್ತದೆ. ಸಾಲಾಗಿ ಹಾಕಿದರೆ ಎರಡೂ ದಡದ ಮಣ್ಣು ನೆನೆದು, ಕಟ್ಟಕ್ಕೆ ಕೈಹಾಕದವನ ಬಾವಿಯಲ್ಲೂ ನೀರು ಏರುತ್ತದೆ.

ಕೊನೆಯ ಬುಟ್ಟಿ ಮಣ್ಣು ಬಿದ್ದ ಮೇಲೆ ಕೆಲಸದವರು ಕಾಲು ತೊಳೆದು ದಡದಲ್ಲಿ ಕೂರುತ್ತಾರೆ. ನೀರು ಮೆಲ್ಲಗೆ ಹಿಂದಕ್ಕೆ ಸರಿಯುತ್ತದೆ. ಮೊದಲು ಮರಳು ಮುಳುಗುತ್ತದೆ, ಆಮೇಲೆ ಬಟ್ಟೆ ಒಗೆಯುವ ಕಲ್ಲು. ಇನ್ನು ನೀರು ಮೇಲಿನ ಕಟ್ಟದ ಬುಡ ಮುಟ್ಟಬೇಕು.