ಮನೆಯಲ್ಲಿ ಮಿಕ್ಸ್ಡ್ ರೀಫ್ ಅಕ್ವೇರಿಯಂ: ಹಣ ಹಾಕುವ ಮೊದಲು ತಿಳಿದಿರಬೇಕಾದದ್ದು

ಉಪ್ಪುನೀರಿನ ಟ್ಯಾಂಕಿನಲ್ಲಿ ಮೀನಿನ ಜೊತೆ ಜೀವಂತ ಹವಳಗಳನ್ನೂ ಬೆಳೆಸಿದರೆ ಅದು ರೀಫ್ ಅಕ್ವೇರಿಯಂ. ಮೆದು ಹವಳ, ದೊಡ್ಡ ಪಾಲಿಪ್‌ಗಳ ಕಲ್ಲುಹವಳ, ಸಣ್ಣ ಪಾಲಿಪ್‌ಗಳ ಕಲ್ಲುಹವಳ ಹೀಗೆ ಬೇರೆ ಬೇರೆ ಜಾತಿ ಒಂದೇ ಟ್ಯಾಂಕಿನಲ್ಲಿ ಇದ್ದರೆ ಮಿಕ್ಸ್ಡ್ ರೀಫ್ ಅಂತಾರೆ. ದುಬೈ, ಶಾರ್ಜಾದಿಂದ ರಜೆಗೆ ಬಂದವರು ಮೊಬೈಲಲ್ಲಿ ವಿಡಿಯೊ ತೋರಿಸಿ, "ಇದನ್ನು ಊರಲ್ಲಿ ಮಾಡ್ಲಿಕ್ಕೆ ಆಗ್ತದಾ?" ಎಂದು ಕೇಳುವುದುಂಟು. ಆಗ್ತದೆ. ಆದರೆ ಅಲ್ಲಿ ಕಂಡದ್ದನ್ನೆಲ್ಲ ಇಲ್ಲಿ ಇಡುವ ಹಾಗಿಲ್ಲ. ಹಾಗಾಗಿ ಗಾಜು, ಲೈಟಿನ ಮಾತಿಗಿಂತ ಮೊದಲು ಕಾನೂನಿನ ಮಾತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟದಲ್ಲಿ ಎಲ್ಲ ಕಲ್ಲುಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಬೀಸಣಿಗೆಯಂತಿರುವ ಸೀ ಫ್ಯಾನ್ ಸೇರಿವೆ. ಕಡಲ್ಗುದುರೆಯೂ ಅದರಲ್ಲೇ ಉಂಟು. ಹುಲಿ, ಆನೆ ಇರುವ ಅದೇ ಪಟ್ಟಿ ಇದು. ಶಿಕ್ಷೆ ಕನಿಷ್ಠ 3 ವರ್ಷ ಜೈಲು, 7 ವರ್ಷದವರೆಗೂ ಹೋಗಬಹುದು. ಲಕ್ಷದ್ವೀಪಕ್ಕೆ ಹೋದವರು ನೆನಪಿಗೆಂದು ಸತ್ತ ಹವಳದ ತುಂಡು ತಂದರೂ ಅದು ಅಪರಾಧವೇ. ಗಲ್ಫಿನಿಂದ ಬ್ಯಾಗಿನಲ್ಲಿ ಚಿಕ್ಕ ತುಂಡು ತರುವ ಯೋಚನೆಯೂ ಬೇಡ, ಕಲ್ಲುಹವಳಗಳ ವ್ಯಾಪಾರಕ್ಕೆ ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ನಿಯಂತ್ರಣ ಉಂಟು. "ಇದು ಇಂಪೋರ್ಟೆಡ್, ಏನೂ ತೊಂದರೆ ಇಲ್ಲ" ಎಂದು ಅಂಗಡಿಯವರು ಹೇಳಿದರೆ ಆ ಮಾತಿಗೆ ಬೆಲೆ ಇಲ್ಲ. ಅರಣ್ಯ ಇಲಾಖೆಯಲ್ಲಿ ಕೇಳಿ ಖಚಿತಪಡಿಸದೆ ಕಲ್ಲುಹವಳಕ್ಕೆ ಕೈ ಹಾಕಬೇಡಿ. ಮಶ್ರೂಮ್, ಝೋವಾಂತಿಡ್, ಲೆದರ್, ಝೀನಿಯಾ, ಸ್ಟಾರ್ ಪಾಲಿಪ್ – ಈ ಮೆದು ಜಾತಿಗಳು ಆ ಪಟ್ಟಿಯಲ್ಲಿಲ್ಲ. ಊರಿನಲ್ಲಿ ಮಿಕ್ಸ್ಡ್ ರೀಫ್ ಮಾಡುವವರು ಈ ಐದಾರು ಜಾತಿಗಳನ್ನೇ ಸೇರಿಸಿ ಮಾಡುವುದು ಬುದ್ಧಿವಂತಿಕೆ. ಇವುಗಳಿಗೂ ಬಿಲ್ ಕೇಳಿ ಪಡೆಯಿರಿ. ಅಂದ ಹಾಗೆ, ಆರೈಕೆಯೂ ಇವುಗಳದ್ದೇ ಸುಲಭ.

ನೀರು, ಉಪ್ಪು, ಕಲ್ಲು

ಉಪ್ಪಳ, ಮಂಜೇಶ್ವರ, ಉಳ್ಳಾಲದವರ ಮೊದಲ ಪ್ರಶ್ನೆ ಒಂದೇ: ಕಡಲು ಪಕ್ಕದಲ್ಲೇ ಉಂಟಲ್ಲ, ಉಪ್ಪು ಯಾಕೆ ಖರೀದಿಸಬೇಕು? ನಮ್ಮ ಕರಾವಳಿಯಲ್ಲಿ ಹೊಳೆಗಳು ಹತ್ತಿರ ಹತ್ತಿರ ಬಂದು ಕಡಲು ಸೇರುತ್ತವೆ. ಮಳೆಗಾಲದಲ್ಲಿ ದಡದ ನೀರಿನ ಉಪ್ಪಿನಂಶ ಇಳಿಯುತ್ತದೆ, ಕೆಸರೂ ಬರುತ್ತದೆ. ಬಂದರಿನ ಹತ್ತಿರ ಡೀಸೆಲ್ ಬೇರೆ. ರೀಫ್ ಟ್ಯಾಂಕಿಗೆ ಬೇಕಾದದ್ದು ವರ್ಷವಿಡೀ ಒಂದೇ ರೀತಿ ಇರುವ ನೀರು. ಆದ್ದರಿಂದ ಅಕ್ವೇರಿಯಂಗೆಂದೇ ಬರುವ ರೀಫ್ ಸಾಲ್ಟ್ ಬಳಸಬೇಕು, ಅಡುಗೆ ಉಪ್ಪಲ್ಲ. ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ 200 ಲೀಟರಿಗೆ 7 ಕೆ.ಜಿ. ಹಿಡಿಯುತ್ತದೆ. ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿರಲಿ. ಅದನ್ನು ನೋಡಲು ರಿಫ್ರಾಕ್ಟೋಮೀಟರ್ ತೆಗೆದುಕೊಳ್ಳಿ, ಅಂದಾಜು ನಡೆಯುವುದಿಲ್ಲ.

ಉಪ್ಪು ಕಲಸುವ ನೀರು ಬಾವಿಯದ್ದೂ ಆಗಬಾರದು, ನಳ್ಳಿಯದ್ದೂ ಆಗಬಾರದು. ನೈಟ್ರೇಟ್, ಫಾಸ್ಫೇಟ್ ಬಂದರೆ ಪಾಚಿ. ತಾಮ್ರ ಸ್ವಲ್ಪ ಬಂದರೂ ಹವಳ, ಸೀಗಡಿ ಸಾಯುತ್ತವೆ. ಕುಡಿಯುವ ಆರ್‌ಒ ಮೆಷಿನ್ ಕೂಡ ಸಾಲದು. ಅದರ ನಂತರ ಡಿಐ ರೆಸಿನ್ ಫಿಲ್ಟರ್ ಹಾಕಿ ಟಿಡಿಎಸ್ ಸೊನ್ನೆಗೆ ತರಬೇಕು.

ಕಲ್ಲಿಗೆ ಕಡಲಿಗೆ ಹೋಗಬೇಡಿ, ಅಂಗಡಿಯ ಒಣ ರೀಫ್ ರಾಕ್ ಸಾಕು. ಅದನ್ನು ಜೋಡಿಸಿ, ಪಂಪ್ ಓಡಿಸಿ, ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಮತ್ತು ಸ್ವಲ್ಪ ಅಮೋನಿಯಾ ಹಾಕಿ ಕಾಯಬೇಕು. ಒಂದು ಜಾತಿಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ವಿಷ. ಎರಡೂ ಸೊನ್ನೆಗೆ ಇಳಿಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಈ ಸಮಯದಲ್ಲಿ ಮೀನು ಬಿಟ್ಟರೆ ಮೀನು ಸಾಯುತ್ತದೆ, ಅಷ್ಟೇ. ಆಮೇಲೆ ಕಂದು ಪದರ, ಅದರ ಹಿಂದೆ ಹಸಿರು ಪಾಚಿ ಬರುತ್ತದೆ. ಹೆದರಿ ಎಲ್ಲ ಖಾಲಿ ಮಾಡಬೇಡಿ ಮಾರಾಯ್ರೆ, ಹೊಸ ಟ್ಯಾಂಕಿನಲ್ಲಿ ಅದು ಬಂದೇ ಬರುತ್ತದೆ.

ಬಿಸಿ ಮತ್ತು ಕರೆಂಟ್ ಬಿಲ್

ಹವಳಕ್ಕೆ 24ರಿಂದ 27 ಡಿಗ್ರಿ ಹಿತ. ನಮ್ಮಲ್ಲಿ ಏಪ್ರಿಲ್‌ನಲ್ಲಿ ಮಧ್ಯಾಹ್ನ ಮನೆಯೊಳಗೇ 32 ದಾಟುತ್ತದೆ. ಬೆಂಗಳೂರಿನವರು ಸಣ್ಣ ಫ್ಯಾನ್ ಇಟ್ಟು ನೀರು ಆವಿಯಾಗಿಸಿ ತಂಪು ಮಾಡಬಹುದು. ಕರಾವಳಿಯ ತೇವದ ಗಾಳಿಯಲ್ಲಿ ಆ ಉಪಾಯ ಅಷ್ಟು ನಡೆಯುವುದಿಲ್ಲ. ಚಿಲ್ಲರ್ ಬೇಕೇ ಬೇಕು.

ಇಲ್ಲಿ ಕುಳಿತು ಲೆಕ್ಕ ಹಾಕಿ. 250 ವಾಟ್ ಚಿಲ್ಲರ್ ದಿನಕ್ಕೆ 8 ಗಂಟೆ ಓಡಿದರೆ 2 ಯೂನಿಟ್. 100 ವಾಟ್ ಲೈಟ್ 9 ಗಂಟೆಗೆ ಮುಕ್ಕಾಲಿಗಿಂತ ಮೇಲೆ, ಹತ್ತಿರ ಒಂದು ಯೂನಿಟ್. ಪಂಪ್, ವೇವ್ ಮೇಕರ್ ಸೇರಿ 60 ವಾಟ್ ಹಗಲು ರಾತ್ರಿ ಓಡಿದರೆ ಸುಮಾರು ಒಂದೂವರೆ. ತಿಂಗಳಿಗೆ 130 ಯೂನಿಟ್ ಹತ್ತಿರ. ಕಾಸರಗೋಡಿನವರ ಬಳಕೆ ತಿಂಗಳಿಗೆ 250 ಯೂನಿಟ್ ದಾಟಿದರೆ ಕೆಎಸ್‌ಇಬಿ ಎಲ್ಲ ಯೂನಿಟ್‌ಗೂ ಮೇಲಿನ ದರವನ್ನೇ ಹಾಕುತ್ತದೆ. ಮಂಗಳೂರು ಕಡೆಯವರು 200 ದಾಟಿದರೆ ಗೃಹಜ್ಯೋತಿಯ ಉಚಿತ ಸೌಲಭ್ಯ ಆ ತಿಂಗಳು ಪೂರ್ತಿ ಹೋಗುತ್ತದೆ. ಟ್ಯಾಂಕ್ ಖರೀದಿ ಒಮ್ಮೆ ಆಗುವ ಖರ್ಚು, ಕರೆಂಟ್ ತಿಂಗಳು ತಿಂಗಳು ಬರುವುದು. ಹೆಚ್ಚಿನವರು ಈ ಹವ್ಯಾಸ ಬಿಡುವುದು ಎರಡನೆಯದರಿಂದ ಎಂಬುದು ನನ್ನ ಅಭಿಪ್ರಾಯ.

ಮಳೆಗಾಲದಲ್ಲಿ ಕರೆಂಟ್ ಹೋದರೆ ನೀರಿನ ಆಮ್ಲಜನಕ ಇಳಿಯತೊಡಗುತ್ತದೆ. ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ಒಂದಾದರೂ ಇರಲಿ. ಇನ್ವರ್ಟರ್ ಇದ್ದರೆ ವೇವ್ ಮೇಕರ್ ಅದಕ್ಕೆ ಕೊಡಿ, ಚಿಲ್ಲರ್ ಬೇಡ. ಕೆಳಗೆ ಸಂಪ್ ಇರುವವರು ಪಂಪ್ ನಿಂತಾಗ ಮೇಲಿನಿಂದ ಹಿಂದೆ ಇಳಿಯುವ ನೀರಿಗೆ ಸಂಪಿನಲ್ಲಿ ಜಾಗ ಬಿಟ್ಟಿರಬೇಕು. ಇಲ್ಲದಿದ್ದರೆ ಹಾಲ್ ಪೂರ್ತಿ ಉಪ್ಪುನೀರು.

ದಿನದ ಕೆಲಸ

ನೀರು ಆವಿಯಾದಾಗ ಉಪ್ಪು ಉಳಿಯುತ್ತದೆ. ಆದ್ದರಿಂದ ಕಡಿಮೆಯಾದ ನೀರಿಗೆ ಆರ್‌ಒ ಡಿಐ ನೀರನ್ನೇ ಹಾಕಿ, ಉಪ್ಪುನೀರನ್ನಲ್ಲ. ವಾರಕ್ಕೊಮ್ಮೆ ಹತ್ತನೇ ಒಂದು ಪಾಲು ಉಪ್ಪುನೀರು ಬದಲಿಸಿದರೆ ಮೆದು ಹವಳಗಳಿಗೆ ಬೇಕಾದ ಖನಿಜ ಸಿಗುತ್ತದೆ. ಕ್ಷಾರತೆ 8ರಿಂದ 9 ಡಿಕೆಎಚ್, ಕ್ಯಾಲ್ಸಿಯಂ 400ರಿಂದ 450 ಪಿಪಿಎಂ, ನೈಟ್ರೇಟ್ 5ರಿಂದ 10 ಇದ್ದರೆ ಸಾಕು. ಅಂಕಿ ಸ್ವಲ್ಪ ಆಚೀಚೆ ಆದರೂ ಪರವಾಗಿಲ್ಲ, ಒಮ್ಮೆಲೆ ಏರಿಳಿಯಬಾರದು. ನೈಟ್ರೇಟ್ ಪೂರ್ತಿ ಸೊನ್ನೆಯಾದರೂ ಹವಳ ಬಾಡುತ್ತದೆ.

ಒಂದು ಜಾತಿ ಇನ್ನೊಂದರ ಮೇಲೆ ಯುದ್ಧ ಮಾಡುವುದೂ ಉಂಟು. ಲೆದರ್ ಹವಳ ನೀರಿಗೆ ರಾಸಾಯನಿಕ ಬಿಡುತ್ತದೆ, ಅದಕ್ಕೆ ಆಕ್ಟಿವೇಟೆಡ್ ಕಾರ್ಬನ್ ಬೇಕು. ಝೀನಿಯಾ, ಸ್ಟಾರ್ ಪಾಲಿಪ್ ಹಿತ್ತಿಲ ಕಳೆಯ ಹಾಗೆ ಹಬ್ಬುತ್ತವೆ. ಅವುಗಳಿಗೆ ಬೇರೆ ಕಲ್ಲು ಕೊಟ್ಟು ದೂರ ಇಡಿ.

ಮೀನು ಕಡಿಮೆ ಇರಲಿ. ಒಂದು ಜೋಡಿ ಕ್ಲೌನ್ ಫಿಶ್ ಸಾಕು. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇದರ ಮರಿ ಮಾಡುವ ತಂತ್ರ ಅಭಿವೃದ್ಧಿಪಡಿಸಿದೆ, ಟ್ಯಾಂಕಿನಲ್ಲೇ ಹುಟ್ಟಿದ ಮರಿ ಕೇಳಿ ಪಡೆಯಿರಿ. ಮೀನಿಗೆ ಬಿಳಿ ಚುಕ್ಕೆ ರೋಗ ಬಂದರೆ ಬೇರೆ ತೊಟ್ಟಿಯಲ್ಲಿ ಔಷಧಿ ಕೊಡಿ. ತಾಮ್ರದ ಔಷಧಿ ಹವಳಕ್ಕೆ ವಿಷ.

ಮಕ್ಕಳಿರುವ ಮನೆಯವರು ಇದನ್ನು ಖಂಡಿತ ಓದಬೇಕು. ಕೆಲವು ಝೋವಾಂತಿಡ್‌ಗಳಲ್ಲಿ, ಮುಖ್ಯವಾಗಿ ಪ್ಯಾಲಿಥೋವಾದಲ್ಲಿ, ಪ್ಯಾಲಿಟಾಕ್ಸಿನ್ ಎಂಬ ಕಠಿಣ ವಿಷ ಇರುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ, ಕತ್ತರಿಸಬೇಡಿ. ಅವು ಅಂಟಿದ ಕಲ್ಲನ್ನು ಸ್ವಚ್ಛ ಮಾಡಲು ಬಿಸಿನೀರಲ್ಲಿ ಕುದಿಸಲೇಬಾರದು. ಆ ಹಬೆ ಉಸಿರಾಡಿದ ಕುಟುಂಬಗಳು ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ವರದಿಯಾಗಿವೆ.

ಉಮ್ರಾಕ್ಕೋ ಗಲ್ಫಿಗೋ ಹದಿನೈದು ದಿನ ಹೋಗುವವರು ಆಟೋ ಟಾಪ್ ಅಪ್ ಡಬ್ಬ ತುಂಬಿಸಿ, ಮೀನಿನ ಆಹಾರವನ್ನು ದಿನಕ್ಕೊಂದು ಪೊಟ್ಟಣದಂತೆ ಕಟ್ಟಿ ನೆರೆಮನೆಯವರ ಕೈಗೆ ಕೊಡಿ. ಡಬ್ಬ ಪೂರ್ತಿ ಕೊಟ್ಟರೆ ಪ್ರೀತಿಯಿಂದ ಹೆಚ್ಚು ಹಾಕುತ್ತಾರೆ, ನೀರು ಕೆಡುತ್ತದೆ.